ಯುಗಾದಿ ಮಳೆಯೂ ಮುನ್ಸೂಚನೆಯ ಮಾತೂ



ಯುಗಾದಿಯ ಆಸುಪಾಸಿನಲ್ಲಿ ಹಗಲೆಲ್ಲ ಸುಡುಬಿಸಿಲು, ಸಂಜೆಗೆ ಗುಡುಗು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲು. ಕಾದ ನೆಲದ ಬಿಸಿಗಾಳಿ ಸಮುದ್ರದ ಕಡೆಯ ತೇವಾಂಶದೊಡನೆ ಮೇಲೇರಿ ಮೋಡ ಕಟ್ಟುವುದೇ ಇದಕ್ಕೆ ಕಾರಣ. ಇಂಥ ಮೋಡ ಒಂದು ಊರಿಗೆ ಸುರಿದು ಪಕ್ಕದ ಊರನ್ನು ಬಿಟ್ಟುಬಿಡಬಹುದು.

ಆದುದರಿಂದ ಭಾರತ ಹವಾಮಾನ ಇಲಾಖೆಯ ಮಾತುಗಳ ಅರ್ಥವನ್ನು ತಿಳಿದಿರಬೇಕು. 'ಒಂದೆರಡು ಕಡೆ' ಎಂದರೆ ಆ ಪ್ರದೇಶದ ಶೇ. 25ರವರೆಗಿನ ಮಳೆಮಾಪನ ಕೇಂದ್ರಗಳಲ್ಲಿ ಮಳೆ. 'ಕೆಲವು ಕಡೆ' ಎಂದರೆ ಶೇ. 26ರಿಂದ 50, 'ಹಲವು ಕಡೆ' ಎಂದರೆ ಶೇ. 51ರಿಂದ 75.

ತನ್ನ ಹೊಲಕ್ಕೆ ಹನಿ ಬೀಳದಿದ್ದರೆ ಮುನ್ಸೂಚನೆಯೇ ಸುಳ್ಳೆಂದು ಬಗೆಯುವ ರೈತ, ಮರುವಾರ ಕಣದ ಮೆಣಸಿನಕಾಯಿಯನ್ನು ಮುಚ್ಚದೆ ಮಲಗುತ್ತಾನೆ. ನಷ್ಟವಾಗುವುದು ಅಂದೇ. 2014ರ ಫೆಬ್ರವರಿ-ಮಾರ್ಚ್‌ನಲ್ಲಿ ಬಿದ್ದ ಆಲಿಕಲ್ಲು ಮಳೆ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ದ್ರಾಕ್ಷಿ ಮುಂತಾದ ಬೆಳೆಗಳನ್ನು ನೆಲಕಚ್ಚಿಸಿತು.

ಕೃಷಿ ಹವಾಮಾನ ಸಲಹಾ ವರದಿ ಮಂಗಳವಾರ ಮತ್ತು ಶುಕ್ರವಾರ ಹೊರಬೀಳುತ್ತದೆ. ಅದರಲ್ಲಿನ 5 ದಿನಗಳ ಮುನ್ಸೂಚನೆಯನ್ನು ನೋಡಿ ಕಟಾವು, ನೀರಾವರಿ, ಔಷಧಿ ಸಿಂಪರಣೆಯ ದಿನವನ್ನು ಗೊತ್ತುಮಾಡಿಕೊಳ್ಳಿರಿ. ಮಳೆಯ ಸೂಚನೆಯಿದ್ದಾಗ ಸಿಂಪರಣೆಯನ್ನು ಮುಂದೂಡಿರಿ. ಬಲಿತ ಬೆಳೆಯನ್ನು ಬೇಗ ಕೊಯ್ದು ಒಳಗೆ ಸೇರಿಸಿರಿ.

ಪ್ರತಿದಿನದ ಎಚ್ಚರಿಕೆಯಲ್ಲಿ ಹಳದಿ ಬಣ್ಣ ಗಮನವಿಡಲು, ಕಿತ್ತಳೆ ಸಿದ್ಧರಾಗಿರಲು, ಕೆಂಪು ತಕ್ಷಣ ಕ್ರಮ ಕೈಗೊಳ್ಳಲು ಹೇಳುತ್ತದೆ. ಕಣದ ಬದಿಯಲ್ಲಿ ತಾಡಪತ್ರಿ, ಹಗ್ಗ ಸದಾ ಸಿದ್ಧವಿರಲಿ. ಗುಡುಗು ಕೇಳಿಸಿದೊಡನೆ ಕೆಲಸ ನಿಲ್ಲಿಸಿ ಮನೆ ಸೇರಿರಿ. ಮರದಡಿ ನಿಲ್ಲಬೇಡಿರಿ, ದನಗಳನ್ನೂ ಕಟ್ಟಬೇಡಿರಿ.

ನಾಲ್ಕು ಸಲ ಮುಚ್ಚಿದ್ದು ವ್ಯರ್ಥವಾದರೂ ಐದನೆಯ ಸಲ ವರ್ಷದ ದುಡಿಮೆ ಉಳಿದೀತು.