ಮನಸ್ಸು ನೊಂದ ಮಗನಿಗೆ ಯಾವ ಕ್ಷೌರ?



ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಯಸಳೂರು, ಹಾನುಬಾಳಿನ ತೋಟದ ಮನೆಗಳಲ್ಲಾಗಲಿ, ಆಲೂರು ಕಡೆಯ ಹಳ್ಳಿಗಳಲ್ಲಾಗಲಿ, ಹುಡುಗನಿಗೆ ಮೀಸೆ ಚಿಗುರಿತೆಂದರೆ ಅಪ್ಪನ ರೇಜರ್ ಸೆಟ್ಟೇ ಅವನ ಕೈಗೂ ಬರುವುದು ರೂಢಿ. ಹುಡುಗ ಗೆಲುವಾಗಿದ್ದರೆ ಚಿಂತೆಯಿಲ್ಲ. ಆದರೆ ಅವನು ವಾರಗಟ್ಟಲೆ ಮಂಕಾಗಿದ್ದರೆ, ತನ್ನ ಮೈಗೆ ತಾನೇ ನೋವು ಮಾಡಿಕೊಂಡಿದ್ದರೆ, ಬದುಕು ಬೇಡವೆಂದು ಒಮ್ಮೆಯಾದರೂ ಅಂದಿದ್ದರೆ, ಬಿಡಿ ಬ್ಲೇಡು ಅವನ ಕೈಗೆ ಸಿಗುವಂತೆ ಇರಬಾರದು. ತೀರಾ ಕೆಟ್ಟ ಗಳಿಗೆ ಎಷ್ಟೋ ಸಲ ಬೇಗ ಕಳೆದುಹೋಗುತ್ತದೆ. ಆ ಹೊತ್ತಿಗೆ ಅಪಾಯದ ವಸ್ತು ಕೈಗೆಟುಕದಿದ್ದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು.

ಹಾಗಾದರೆ ಗಡ್ಡಕ್ಕೇನು ಮಾಡುವುದು? ಬ್ಯಾಟರಿಯಿಂದ ನಡೆಯುವ ಟ್ರಿಮ್ಮರ್, ಇಲ್ಲವೇ ಜಾಲರಿ ಇರುವ ವಿದ್ಯುತ್ ಶೇವರ್ ಒಳ್ಳೆಯದು. ಶೇವರಿನಲ್ಲಿ ಅಲಗು ತೆಳುವಾದ ಜಾಲರಿಯ ಹಿಂದೆ ಓಡುತ್ತದೆ, ಚರ್ಮಕ್ಕೆ ನೇರವಾಗಿ ತಾಗುವುದಿಲ್ಲ. ಟ್ರಿಮ್ಮರ್ ಬುಡದಲ್ಲಿ ತುಸು ಕೂದಲು ಬಿಡುತ್ತದೆ, ಹಾಗಾಗಿ ಮೊಡವೆಯ ಮುಖವನ್ನು ಕೆರೆಯುವುದು ಕಡಿಮೆ. ಮಳೆಗಾಲದಲ್ಲಿ ಕರೆಂಟು ಇದ್ದಾಗಲೇ ಚಾರ್ಜ್ ಮಾಡಿ, ಬಳಸಿದ ಮೇಲೆ ಒರೆಸಿ ಒಣಗಿಸಿಡಿ. ಕೂದಲು ಉದುರಿಸುವ ಕ್ರೀಮು ಮುಖದ ಚರ್ಮವನ್ನು ಸುಡಬಹುದು, ಅದು ಬೇಡ. ಊರಿನ ಕ್ಷೌರದಂಗಡಿಗೂ ಹೋಗಬಹುದು, ಪ್ರತಿ ಸಲ ಹೊಸ ಬ್ಲೇಡು ಹಾಕುವಂತೆ ಕೇಳಿ. ಗಡ್ಡ ಬಿಡುತ್ತೇನೆ ಎಂದರೆ ಬಿಡಲಿ, ಕ್ಷೌರ ಆರೋಗ್ಯಕ್ಕೆ ಅನಿವಾರ್ಯವೇನಲ್ಲ.

ಟ್ರಿಮ್ಮರ್ ತಂದು ಹಳೆಯ ಬ್ಲೇಡಿನ ಪೊಟ್ಟಣವನ್ನು ಬಚ್ಚಲಿನ ಗೂಡಿನಲ್ಲೇ ಬಿಟ್ಟರೆ ಪ್ರಯೋಜನವಿಲ್ಲ. ಅಪ್ಪನೂ ಟ್ರಿಮ್ಮರ್‌ಗೆ ಬದಲಾಗಲಿ. ಆಗ ನನ್ನೊಬ್ಬನನ್ನೇ ಅನುಮಾನಿಸುತ್ತಾರೆ ಎಂಬ ನೋವು ಹುಡುಗನಿಗೆ ಆಗುವುದಿಲ್ಲ. ನಮ್ಮ ಕಡೆ ಇನ್ನೂ ದೊಡ್ಡ ಅಪಾಯ ತೋಟದ ಔಷಧಿ. ಕೀಟನಾಶಕ, ಕಳೆನಾಶಕಗಳನ್ನೂ, ಮರದ ಕೊಂಬೆ ಸವರುವ ಕತ್ತಿಗಳನ್ನೂ, ಮನೆಯಲ್ಲಿ ಉಳಿದ ಮಾತ್ರೆಗಳನ್ನೂ ಬೀಗ ಹಾಕಿಡಿ, ಕೀಲಿ ಹಿರಿಯರ ಬಳಿಯೇ ಇರಲಿ. ಇದನ್ನೆಲ್ಲ ಕದ್ದುಮುಚ್ಚಿ ಮಾಡಬೇಡಿ. "ನಿನ್ನ ಮೇಲಿನ ಸಿಟ್ಟಿನಿಂದಲ್ಲ, ನೀನು ನಮಗೆ ಬೇಕು ಅಂತ ಹೀಗೆ ಮಾಡಿದ್ದೀವಿ" ಎಂದು ಅವನಿಗೆ ಬಾಯಿಬಿಟ್ಟು ಹೇಳಿ.

ಸಾಯುವ ಯೋಚನೆ ಬರುತ್ತದೆಯೇ ಎಂದು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ. ಮೆಲ್ಲಗೆ, ನೇರವಾಗಿ ಕೇಳಿ. ಅವನು ಹೇಳುವುದನ್ನು ಬೈಯದೆ, ಉಪದೇಶ ಮಾಡದೆ ಕೇಳಿಸಿಕೊಳ್ಳಿ. ಹೌದು ಎಂದರೆ ಒಬ್ಬನನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಟ್ರಿಮ್ಮರ್ ಚಿಕಿತ್ಸೆಯಲ್ಲ, ಚಿಕಿತ್ಸೆ ಸಿಗುವ ತನಕದ ಕಾವಲು ಅಷ್ಟೆ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಸಕಲೇಶಪುರ, ಆಲೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಹೆಚ್ಚಿನ ಚಿಕಿತ್ಸೆಗೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಆಸ್ಪತ್ರೆಗೆ ಹೋಗಲಾಗದ ಮಳೆಯ ರಾತ್ರಿಯಲ್ಲೂ 14416ಕ್ಕೆ ಕರೆ ಮಾಡಬಹುದು. 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆ ಇದು. ದಿನದ 24 ಗಂಟೆಯೂ, ಉಚಿತವಾಗಿ, ಕನ್ನಡದಲ್ಲೇ ಮಾತಾಡುತ್ತಾರೆ. ಹುಡುಗನೂ ಮಾಡಬಹುದು, ಅಪ್ಪ ಅಮ್ಮನೂ ಮಾಡಬಹುದು. ಮತ್ತೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.