ಹೊಳೆಯ ಮಟ್ಟ ಮತ್ತು ಮಾತನಾಡುವ ಯಂತ್ರ

ಮಿರಗ ಕೂಡಿತೆಂದರೆ ಹೊಲದ ಕಡೆಗೆ ಒಂದು ಕಣ್ಣು, ಹೊಳೆಯ ಕಡೆಗೆ ಇನ್ನೊಂದು ಕಣ್ಣು ಇಟ್ಟು ಬದುಕುವವರು ನಾವು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಈ ಮೂರೂ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಹರಿಯುತ್ತವೆ. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ, ಮಲಪ್ರಭೆ ಕೂಡಲಸಂಗಮದಲ್ಲಿ ಕೂಡುತ್ತಾಳೆ. ನವನಗರವೆಂಬ ಊರೇ ನೀರಿನಿಂದ ಹುಟ್ಟಿದ್ದು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಓಣಿಗಳು ಹೋದದ್ದಕ್ಕೆ ಈ ಹೊಸ ಊರನ್ನು ಕಟ್ಟಬೇಕಾಯಿತು. ಹೀಗಾಗಿ ಹೊಳೆಯ ಸುದ್ದಿ ನಮಗೆ ಬರೀ ಸುದ್ದಿಯಲ್ಲ. ದನಕರು, ಪಂಪಸೆಟ್ಟು, ಕಬ್ಬು, ಕೂಡಿಟ್ಟ ಕಾಳು, ಕೊನೆಗೆ ಜೀವ, ಎಲ್ಲವೂ ಅದರ ಮೇಲೆ ನಿಂತಿವೆ.

ಇಂದು ನಾನು ಹೇಳಬೇಕೆಂದಿರುವ ವಿಷಯ ಹೊಸದು. ಈಗ ಬಹಳ ಮನೆಗಳ ಮೊಬೈಲಿನಲ್ಲಿ ಮಾತನಾಡುವ ಸಹಾಯಕ ಬಂದಿದೆ. ಕೃತಕ ಬುದ್ಧಿಮತ್ತೆ, ಅಥವಾ ಎ.ಐ. ಎಂದು ಅದಕ್ಕೆ ಹೆಸರು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿಯೇ ಉತ್ತರ ಕೊಡುತ್ತದೆ. ಹುಡುಗರು ಲೆಕ್ಕ ಕೇಳುತ್ತಾರೆ, ನಾವು ಬೆಳೆಯ ರೋಗಕ್ಕೆ ಔಷಧ ಕೇಳುತ್ತೇವೆ. ನಾಳೆ ಮಳೆ ಹಿಡಿದಾಗ ಸಹಜವಾಗಿಯೇ ಕೇಳುತ್ತೇವೆ: “ಹೊಳಿಗೆ ನೀರು ಬಿಟ್ಟಾರೇನು? ನಮ್ಮ ಹೊಲಕ್ಕ ಬರತದೇನು?” ಆಗ ಅದು ಕೊಡುವ ಉತ್ತರವನ್ನು ನಂಬಬೇಕೋ ಬೇಡವೋ? ಈ ಒಂದು ಪ್ರಶ್ನೆಯನ್ನು ಬಿಡಿಸಿ ನೋಡೋಣ.

ಮೊದಲು ಈ ಸಹಾಯಕನಿಗೆ ತಿಳುವಳಿಕೆ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯಬೇಕು. ಲಕ್ಷಗಟ್ಟಲೆ ಬರಹಗಳಿಂದ ಅದನ್ನು ತಯಾರು ಮಾಡಿರುತ್ತಾರೆ. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ, ನವಿಲುತೀರ್ಥದ ಆಣೆಕಟ್ಟಿನಲ್ಲಿ 37.73 ಟಿ.ಎಂ.ಸಿ. ನೀರು ಹಿಡಿಯುತ್ತದೆ ಎಂಬಂಥ ಮಾತನ್ನು ಅದು ಹೇಳಬಲ್ಲದು. ಆದರೆ ಇವತ್ತು ಮುಂಜಾನೆ ಹೊಳೆ ಎಷ್ಟು ಏರಿದೆ ಎಂಬುದು ಅದಕ್ಕೆ ತಾನಾಗಿಯೇ ಗೊತ್ತಾಗುವುದಿಲ್ಲ. ಕಿಟಕಿಯಿಲ್ಲದ ಕೋಣೆಯಲ್ಲಿ ಕುಳಿತ ಓದಿದ ಮನುಷ್ಯನಿದ್ದಂತೆ ಅದು. ವಿದ್ಯೆ ಬಹಳ; ಹೊರಗೆ ಮಳೆ ಬಂತೋ ಬಿಸಿಲು ಬಿತ್ತೋ ಕಾಣದು. ಅಷ್ಟೇ ಆದರೆ ಚಿಂತೆಯಿಲ್ಲ. ಗೊತ್ತಿಲ್ಲದಿದ್ದರೂ ಗೊತ್ತಿದ್ದವರ ಹಾಗೆ ನಯವಾಗಿ ಮಾತನಾಡುವ ಚಾಳಿ ಇದಕ್ಕುಂಟು. ಅಪಾಯವಿರುವುದು ಅಲ್ಲಿಯೇ.

ಆ ಕೋಣೆಗೆ ಒಂದು ಕಿಟಕಿ ಕೊರೆಯಬಹುದು. ಅಂದರೆ ಹೊಳೆಯ ಮಟ್ಟವನ್ನು ಅಳೆಯುವ ಕೇಂದ್ರಗಳ ಅಂಕಿಗಳನ್ನು ಸಹಾಯಕನಿಗೆ ಜೋಡಿಸಿಕೊಡಬಹುದು. ನೀವು ಪ್ರಶ್ನೆ ಕೇಳಿದ ಕೂಡಲೆ ಅದು ಆ ಅಂಕಿಯನ್ನು ತರಿಸಿಕೊಂಡು, ನೋಡಿ, ಆಮೇಲೆ ಉತ್ತರ ಹೇಳಬೇಕು. ಇಂಗ್ಲೆಂಡಿನಲ್ಲಿ ಸರಕಾರದ ಪರಿಸರ ಸಂಸ್ಥೆಯು ನದಿ ಮಟ್ಟದ ಅಂಕಿಗಳನ್ನು ಯಂತ್ರಗಳು ಓದಿಕೊಳ್ಳುವ ರೀತಿಯಲ್ಲಿ ಎಲ್ಲರಿಗೂ ಪುಕ್ಕಟೆ ತೆರೆದಿಟ್ಟಿದೆ. ಹದಿನೈದು ನಿಮಿಷಕ್ಕೊಂದು ಅಳತೆ. ಸಹಾಯಕನಿಗೂ ಇಂಥ ಅಂಕಿಗಳಿಗೂ ಕೊಂಡಿ ಹಾಕಲು ಒಂದೇ ಮಾದರಿಯ ಪದ್ಧತಿಯೂ ಬಂದಿದೆ. 2024ರ ನವೆಂಬರಿನಲ್ಲಿ ಅಮೆರಿಕದ ಆಂಥ್ರಾಪಿಕ್ ಕಂಪನಿ ಅಂಥದೊಂದನ್ನು ಪ್ರಕಟಿಸಿತು. ನಮ್ಮ ಮೋಟರಿನ ಪಿನ್ನು ಯಾವ ಅಂಗಡಿಯದಾದರೂ ಸಾಕೆಟ್ಟಿಗೆ ಕೂಡುವ ಹಾಗೆ ಅಳತೆ ಗೊತ್ತುಮಾಡಿದಂತೆ ಇದು.

ನಮ್ಮಲ್ಲಿ ಅಳತೆಗಳಿಲ್ಲವೆಂದಲ್ಲ. ಕೇಂದ್ರ ಜಲ ಆಯೋಗದವರು ಮಲಪ್ರಭೆಯ ಮೇಲೆ ಖಾನಾಪುರದಲ್ಲಿ, ಕೆಳಗೆ ನಮ್ಮ ಬಾದಾಮಿ ತಾಲೂಕಿನ ಚೊಳಚಗುಡ್ಡದಲ್ಲಿ ಮಾಪನ ಕೇಂದ್ರಗಳನ್ನು ಇಟ್ಟಿದ್ದಾರೆ. ಆಲಮಟ್ಟಿ, ನಾರಾಯಣಪುರ ಜಲಾಶಯಗಳಿಗೆ ಎಷ್ಟು ನೀರು ಬರಲಿದೆಯೆಂದು ಮುನ್ಸೂಚನೆಯನ್ನೂ ಕೊಡುತ್ತಾರೆ. 2023ರ ಆಗಸ್ಟಿನಲ್ಲಿ ‘ಫ್ಲಡ್‌ವಾಚ್ ಇಂಡಿಯಾ’ ಎಂಬ ಮೊಬೈಲ್ ಆ್ಯಪನ್ನು ಹೊರತಂದರು; ಅದು ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ ಬಂತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ಮಳೆ ಮಾಪಕಗಳು ರಾಜ್ಯದಲ್ಲಿ ಆರು ಸಾವಿರಕ್ಕೂ ಹೆಚ್ಚು ಇವೆ. ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ತಾವಾಗಿಯೇ ಮಳೆ ಅಳೆದು ಸುದ್ದಿ ಕಳಿಸುತ್ತವೆ. ಅಂಕಿ ಇದೆ. ಅದು ಕನ್ನಡದ ಮಾತಾಗಿ, ಹೊಳೆಯ ದಂಡೆಯ ಮನೆಗೆ, ಬೇಕಾದ ತಾಸಿನಲ್ಲಿ ಬಂದು ಮುಟ್ಟಬೇಕು. ಸಹಾಯಕನನ್ನು ಜೋಡಿಸುವ ಉದ್ದೇಶ ಇಷ್ಟೇ.

ಇಲ್ಲಿ ಅಂಕಿಯ ಭಾಷೆಯನ್ನೂ ಸ್ವಲ್ಪ ತಿಳಿದಿರಬೇಕು. ಕ್ಯೂಸೆಕ್ ಅಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಸುಮಾರು 28 ಲೀಟರ್, ಎರಡು ಕೊಡ ಎನ್ನಿರಿ. ಟಿ.ಎಂ.ಸಿ. ಅಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿ.ಎಂ.ಸಿ. ಆಗುತ್ತದೆ. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ ಬಿಟ್ಟ ನೀರು ಐದು ಲಕ್ಷ ಕ್ಯೂಸೆಕ್ ಮೀರಿತ್ತು. ಐದು ಲಕ್ಷವೆಂದರೆ ದಿನಕ್ಕೆ 43 ಟಿ.ಎಂ.ಸಿ. ನವಿಲುತೀರ್ಥದ ಇಡೀ ಕೆರೆ ತುಂಬಿದಾಗ ಹಿಡಿಯುವುದಕ್ಕಿಂತ ಹೆಚ್ಚಿನ ನೀರು ಒಂದೇ ದಿನದಲ್ಲಿ ಹೋದಂತಾಯಿತು. ಸಹಾಯಕನು ಬರೀ “ಐದು ಲಕ್ಷ ಕ್ಯೂಸೆಕ್” ಎಂದರೆ ಸಾಲದು. ಹೀಗೆ ಬಿಡಿಸಿ ಹೇಳಿದರೆ ತಿಳಿಯುತ್ತದೆ.

ಇನ್ನು ಜೋಡಿಸಿದ ಮೇಲೆಯೂ ತಪ್ಪು ಆಗುವ ದಾರಿಗಳಿವೆ. ಮಲಪ್ರಭೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಒಂದನೆಯದು, ಒಂದೇ ಕಿಟಕಿಯಿಂದ ನೋಡುವ ತಪ್ಪು. ಸಹಾಯಕನಿಗೆ ನವಿಲುತೀರ್ಥದ ಅಂಕಿಯನ್ನು ಮಾತ್ರ ಕೊಟ್ಟರು ಎನ್ನಿ. ಆಣೆಕಟ್ಟಿನಿಂದ ನೀರು ಬಿಟ್ಟಿಲ್ಲ. ಆದ್ದರಿಂದ ಹೊಳೆಗೆ ಭಯವಿಲ್ಲ ಎಂದು ಅದು ಹೇಳೀತು. ಆದರೆ ಬೆಣ್ಣಿಹಳ್ಳ ಬಂದು ಕೂಡುವುದು ಆಣೆಕಟ್ಟಿನ ಕೆಳಗೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆಯನ್ನು ನೆನಪಿಸಿಕೊಳ್ಳಿರಿ. ಘಟ್ಟದ ಮೇಲಲ್ಲ, ನಮ್ಮ ಎರೆಸೀಮೆಯ ಮೇಲೆಯೇ ಸುರಿಯಿತು. ಮಣ್ಣಿನ ಮನೆಗಳು ಕುಸಿದವು. 2019ರ ಆಗಸ್ಟಿನಲ್ಲಿ ಘಟ್ಟದ ಮಳೆಯಿಂದ ಮೂರೂ ಹೊಳೆಗಳು ಏರಿದವು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲಿ ಮಲಪ್ರಭೆಯ ನೀರು ನಿಂತಿತು. ಒಂದು ನೆರೆ ಮೇಲಿನಿಂದ ಬಂದೀತು, ಇನ್ನೊಂದು ಮಗ್ಗುಲಿನ ಹಳ್ಳದಿಂದ ಬಂದೀತು. ಆಣೆಕಟ್ಟು, ಹಳ್ಳ, ಊರಿನ ಮಳೆ, ಕೆಳಗೆ ಕೃಷ್ಣೆಯ ಮಟ್ಟ ಈ ನಾಲ್ಕನ್ನೂ ನೋಡಿ ಹೇಳಿದ ಮಾತೇ ಮಾತು. ಕೂಡಲಸಂಗಮದಲ್ಲಿ ಕೃಷ್ಣೆ ತುಂಬಿ ನಿಂತಿದ್ದರೆ ಮಲಪ್ರಭೆಯ ನೀರು ಸರಾಗವಾಗಿ ಇಳಿಯದೆಂಬುದು ಹುನಗುಂದ ತಾಲೂಕಿನ ದಂಡೆಯ ಊರವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಎರಡನೆಯದು, ಹಳಸಿದ ಅಂಕಿ. ಗಾಳಿ ಮಳೆಗೆ ಕರೆಂಟು ಹೋಗುತ್ತದೆ, ಟವರು ನಿಲ್ಲುತ್ತದೆ, ಕೆಲವೊಮ್ಮೆ ಮಾಪಕವೇ ನೀರಿನಲ್ಲಿ ಕೊಚ್ಚಿಹೋಗುತ್ತದೆ. ಆಗ ಕೊನೆಯ ಸಲ ಬಂದ ಅಂಕಿಯೇ ಪರದೆಯ ಮೇಲೆ ಉಳಿದಿರುತ್ತದೆ. ಮುಂಜಾನೆ ಆರರ ಮಟ್ಟವನ್ನು ಮಧ್ಯಾಹ್ನ ಎರಡಕ್ಕೆ ಈಗಿನದೆಂದು ಹೇಳಿದರೆ, ಸುಳ್ಳು ಹೇಳಿದಷ್ಟೇ ಕೆಟ್ಟದ್ದು. ನೆರೆ ದೊಡ್ಡದಾದಷ್ಟೂ ಅಂಕಿ ತಪ್ಪುವ ಸಂಭವವೂ ಹೆಚ್ಚು.

ಮೂರನೆಯದು, ಅಳತೆಯ ಗೊಂದಲ. ನವಿಲುತೀರ್ಥ, ಹಿಡಕಲ್ಲಿನ ಮಟ್ಟವನ್ನು ಅಡಿಗಳಲ್ಲಿ ಹೇಳುವ ರೂಢಿ. ಆಲಮಟ್ಟಿಯದನ್ನು ಮೀಟರಿನಲ್ಲಿ, ತುಂಬಿದಾಗ 519.60 ಮೀಟರ್. ಇವು ಸಮುದ್ರ ಮಟ್ಟದಿಂದ ಎಣಿಸಿದ ಎತ್ತರಗಳು, ಹೊಳೆಯ ಆಳವಲ್ಲ. ಅವನ್ನು ಬೆರೆಸಿದರೆ ಅನರ್ಥ.

ಹಾಗಾದರೆ ಒಳ್ಳೆಯ ಉತ್ತರ ಹೇಗಿರಬೇಕು? ಹೊಳೆದಂಡೆಯ ಒಂದು ಊರಿನಲ್ಲಿ ಸೊಸೆ ಮೊಬೈಲು ಹಿಡಿದಿದ್ದಾಳೆ, ಮಾವ ಪಕ್ಕದಲ್ಲಿ ಕುಳಿತಿದ್ದಾನೆ ಎಂದು ಇಟ್ಟುಕೊಳ್ಳೋಣ.

“ಮಾವಾರ, ಹೊಳಿ ಏರಾಕತ್ತಿಲ್ಲ ಅಂತೈತ್ರಿ ಇದು.”

“ಯಾವ ಊರಾಗಿನ ಅಳತಿ ಅಂತ ಕೇಳವ್ವಾ. ಎಷ್ಟೊತ್ತಿಗೆ ಅಳದದ್ದು?”

“ಆಣಿಕಟ್ಟಿಂದಂತ್ರಿ. ಮುಂಜಾನಿ ಆರಕ್ಕ.”

“ಈಗ ಮಧ್ಯಾಹ್ನ ಆತು. ಬೆಣ್ಣಿಹಳ್ಳದ ಸುದ್ದಿ ಏನೈತಿ ಕೇಳು.”

“ಅದರ ಅಂಕಿ ನನ್ನ ಹತ್ರ ಇಲ್ಲ ಅಂತೈತ್ರಿ.”

“ಹಂಗಾದ್ರ ಎಮ್ಮಿ ಬಿಚ್ಚು. ಮೋಟರು ನಾನು ಮ್ಯಾಲ ತರ್ತೀನಿ.”

ಈ ಮಾವನದು ಶಾಣೇತನ. ಯಂತ್ರವನ್ನು ಆತ ಬೈಯಲಿಲ್ಲ, ಕಣ್ಣು ಮುಚ್ಚಿ ನಂಬಲೂ ಇಲ್ಲ. ಸಾಕ್ಷಿಯನ್ನು ವಿಚಾರಿಸಿದ ಹಾಗೆ ವಿಚಾರಿಸಿದ. “ನನ್ನ ಹತ್ರ ಅಂಕಿ ಇಲ್ಲ” ಎಂದು ಒಪ್ಪಿಕೊಂಡ ಯಂತ್ರವೂ ಒಳ್ಳೆಯದೇ. ಅಂಕಿಯಿಲ್ಲವೆಂದರೆ ಅಪಾಯವಿಲ್ಲವೆಂದು ಅರ್ಥವಲ್ಲ. ಸಹಾಯಕನನ್ನು ಕಟ್ಟುವ ಇಂಜಿನಿಯರರೂ ಇದನ್ನು ಅವಶ್ಯವಾಗಿ ಲಕ್ಷ್ಯದಲ್ಲಿಡಬೇಕು: ಯಾವ ಕೇಂದ್ರ, ಎಷ್ಟು ಗಂಟೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಕೇಳುವ ಮೊದಲೇ ಅದು ಹೇಳುವಂತಿರಬೇಕು.

ಇನ್ನೊಂದು ಕೆಲಸ ನಮ್ಮ ಕೈಯಲ್ಲಿಯೇ ಇದೆ, ಅದನ್ನು ಯಾವ ಕಂಪನಿಯೂ ಮಾಡಿಕೊಡದು. ಚೊಳಚಗುಡ್ಡದಲ್ಲಿ ಮಟ್ಟ ಇಷ್ಟು ಮೀಟರ್ ಎಂದರೆ ನಮ್ಮ ಊರಿನಲ್ಲಿ ನೀರು ಎಲ್ಲಿಗೆ ಬರುತ್ತದೆ? ಇದು ಯಂತ್ರಕ್ಕೆ ತಿಳಿಯದು, ನಮ್ಮ ಹಿರಿಯರಿಗೆ ತಿಳಿದಿದೆ. 2009ರ ನೀರು ಹನುಮಪ್ಪನ ಗುಡಿಯ ಎಷ್ಟನೆಯ ಮೆಟ್ಟಿಲಿಗೆ ಬಂದಿತ್ತು, 2019ರದು ಶಾಲೆಯ ಗೋಡೆಗೆ ಎಷ್ಟು ಎತ್ತರ, ಯಾವ ಹಾದಿ ಮೊದಲು ಮುಳುಗುತ್ತದೆ, ಆಣೆಕಟ್ಟಿನ ಬಾಗಿಲು ತೆರೆದ ಎಷ್ಟು ತಾಸಿಗೆ ನೀರು ಮುಟ್ಟುತ್ತದೆ, ಇವನ್ನು ಅವರಿಂದ ಕೇಳಿ ಒಂದು ವಹಿಯಲ್ಲಿ ಬರೆದಿಡಿರಿ. ಗೋಡೆಗೆ, ಕಂಬಕ್ಕೆ ಬಣ್ಣದ ಗುರುತು ಹಾಕಿರಿ. ಮುಂದಿನ ಮಳೆಗಾಲದಲ್ಲಿ ನೀರು ಒಂದೊಂದು ಗುರುತಿಗೆ ಬಂದ ತಾಸನ್ನೂ, ಆ ತಾಸಿನಲ್ಲಿ ಮಾಪನ ಕೇಂದ್ರದ ಅಂಕಿಯನ್ನೂ ಎದುರುಬದುರು ಬರೆಯಿರಿ. ಪಂಚಾಯತಿಯಲ್ಲಿ ಒಂದು ಪ್ರತಿ ಇರಲಿ. ಇಂಥ ತಃಖ್ತೆ ಇದ್ದ ಊರಿಗೆ ಸಹಾಯಕನು “ಮಟ್ಟ ಇಷ್ಟು” ಎನ್ನುವ ಬದಲು “ನೀರು ನಿಮ್ಮ ಗುಡಿಯ ಮೂರನೆಯ ಮೆಟ್ಟಿಲಿಗೆ ಬರುವ ಸಂಭವವಿದೆ” ಎಂದು ಹೇಳಬಲ್ಲನು.

ಇಷ್ಟು ಹೇಳಿದ ಮೇಲೆ ಮನೆಯಲ್ಲಿ ಗೋಡೆಗೆ ಅಂಟಿಸಿಡಲು ಕೆಲವು ಮಾತು.

ಒಂದು: ಸಹಾಯಕನನ್ನು ಕೇಳಿದಾಗ “ಎಲ್ಲಿಯ ಅಳತೆ, ಎಷ್ಟೊತ್ತಿನದು, ಯಾರು ಅಳೆದದ್ದು” ಎಂಬ ಮೂರನ್ನೂ ಕೇಳಿರಿ. ಮೂರಕ್ಕೂ ಉತ್ತರವಿಲ್ಲದಿದ್ದರೆ ಅದನ್ನು ಗಾಳಿಮಾತೆಂದು ಬಿಡಿರಿ.

ಎರಡು: ಭಯವಿದೆ ಎಂದರೆ ಕೂಡಲೆ ಎದ್ದೇಳಿರಿ. ಭಯವಿಲ್ಲ ಎಂದರೆ ಇನ್ನೊಂದು ಕಡೆ ವಿಚಾರಿಸಿರಿ. ಸುಮ್ಮನೆ ದನ ಹೊಡೆದುಕೊಂಡು ಏರಿಗೆ ಹೋದರೆ ಒಂದು ದಿನದ ಕೆಲಸ ಕೆಟ್ಟೀತು. ಹೋಗದೆ ಉಳಿದರೆ ಕೆಡುವುದು ಬೇರೆ.

ಮೂರು: ಜಿಲ್ಲಾ ನಿಯಂತ್ರಣ ಕೊಠಡಿಯ ನಂಬರು 1077. ಜೀವಕ್ಕೆ ತೊಂದರೆಯಾದರೆ 112. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆಯಿಂದ ಮೊಬೈಲಿಗೆ ಎಚ್ಚರಿಕೆ ಬಂದರೆ ಓದದೆ ಅಳಿಸಬೇಡಿರಿ. ತಹಶೀಲ್ದಾರರು, ಪೋಲೀಸರು ಊರು ಬಿಡಿರೆಂದು ಹೇಳಿದಾಗ ಯಂತ್ರದ ಜೊತೆ ವಾದಕ್ಕೆ ಕೂಡಬೇಡಿರಿ.

ನಾಲ್ಕು: ನೀರು ಹರಿಯುವ ಸೇತುವೆ ದಾಟಬಹುದೇ ಎಂದು ಯಂತ್ರವನ್ನು ಕೇಳಲೇಬಾರದು. ದಾಟಬಾರದು.

ಐದು: ಪಂಪಸೆಟ್ಟು, ಮೇವು, ಬೀಜದ ಕಾಳು, ಉತಾರ ಮತ್ತು ಪಾಸಬುಕ್ಕು ಇವನ್ನು ಮೊದಲೇ ಎತ್ತರಕ್ಕೆ ಸಾಗಿಸಿರಿ. ಕೊನೆಯ ಗಳಿಗೆ ಬಂದರೆ ದನಗಳ ಹಗ್ಗ ಬಿಚ್ಚಿರಿ. ಕಟ್ಟಿದ ದನ ಈಜಲಾರದು.

ಆರು: ಮೊಬೈಲು ಸತ್ತರೂ ನಡೆಯುವ ವ್ಯವಸ್ಥೆ ಊರಿನಲ್ಲಿರಲಿ. ಡಂಗುರ, ಗುಡಿಯ ಗಂಟೆ, ರಾತ್ರಿ ಹೊಳೆ ಕಾಯುವ ಇಬ್ಬರು ಹುಡುಗರು, ಇವು ಹಳೆಯವಾದರೂ ಟವರನ್ನು ಅವಲಂಬಿಸಿಲ್ಲ.

ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಓದು ಬಾರದ ತಾಯಿಗೆ ಮಧ್ಯರಾತ್ರಿಯಲ್ಲಿ ಕನ್ನಡದಲ್ಲಿ ಹೊಳೆಯ ಸುದ್ದಿ ಹೇಳುವ ಒಬ್ಬ ಸಹಾಯಕ ಸಿಕ್ಕರೆ ಅದು ದೊಡ್ಡ ಉಪಕಾರವೇ ಸರಿ. ಆದರೆ ಅದಕ್ಕೆ ತಾಜಾ ಅಂಕಿಯ ಜೋಡಣೆ ಇರಬೇಕು, ನಮ್ಮ ಊರಿನ ಗುರುತು ಅದಕ್ಕೆ ಕೂಡಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನುವ ನಿಯತ್ತು ಇರಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಕಾಣದ ಯಂತ್ರದ ಮಾತನ್ನಂತೂ ಎರಡು ಸಲ ಪ್ರಮಾಣಿಸಿ ನೋಡಬೇಕು. ಊರಿನ ಗುರುತು ಹಾಕುವ ಕೆಲಸಕ್ಕೆ ಮಳೆಗಾಲ ಕಾಯಬೇಡಿರಿ, ಬರುವ ಸಂತೆಯ ದಿನ ನಾಲ್ಕು ಜನ ಕೂಡಿ ಮಾಡಿ ಮುಗಿಸಿರಿ.