ಬೇವು – ಹೊಂಗೆ: ಎರಡು ಮರ, ಎರಡು ಆರೈಕೆ
(ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ಬೀಜ ಸಂಗ್ರಹ ಸಮಿತಿಯ ಪರವಾಗಿ ಮಾಡಿದ ಭಾಷಣ)



ಸಾಲದ ಲೆಕ್ಕ, ಷೇರಿನ ಲೆಕ್ಕ, ಗೊಬ್ಬರದ ಲೆಕ್ಕವನ್ನೆಲ್ಲ ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಒಪ್ಪಿಸಿದ್ದಾರೆ. ಬೀಜ ಸಂಗ್ರಹದ ಕೆಲಸ ನೋಡಿಕೊಂಡ ನಮ್ಮ ಪಾಲಿಗೆ ಉಳಿದಿರುವುದು ಎರಡು ಮರಗಳ ಲೆಕ್ಕ. ಒಂದು ಬೇವು, ಇನ್ನೊಂದು ಹೊಂಗೆ. ಇವು ಯಾರಿಗೆ ಗೊತ್ತಿಲ್ಲ ಅಂತ ತಾವು ಕೇಳಬಹುದು. ನಮಗೂ ಗೊತ್ತಿದೆ ಅಂತಲೇ ನಾವು ತಿಳಿದಿದ್ದೆವು. ಗೊತ್ತಿರಲಿಲ್ಲ ಅನ್ನುವುದು ಸಂಘದ ಗೋದಾಮಿನಲ್ಲಿ ಗೊತ್ತಾಯಿತು.

ಹೊಂಗೆ ಬೀಜದ ವ್ಯವಹಾರ ನಮಗೆ ಮೊದಲ ಸಲವೇ ಕೈಗೂಡಿತು. ಬೇಸಿಗೆಯಲ್ಲಿ ಒಣಗಿದ ಕಾಯಿ ತಂದರು, ಕಣದಲ್ಲಿ ಬಡಿದು ಬೀಜ ಬಿಡಿಸಿದರು, ಗೋಣಿಚೀಲಕ್ಕೆ ತುಂಬಿದೆವು. ಗಾಣದವರು ತೂಕ ಮಾಡಿ ಕೊಂಡೊಯ್ದರು. ಆ ಧೈರ್ಯದ ಮೇಲೆ ಮಳೆಗಾಲದ ಮೊದಲಿಗೆ ಬೇವಿನ ಹಣ್ಣನ್ನೂ ಕೊಳ್ಳತೊಡಗಿದೆವು. ಅದನ್ನೂ ಹಾಗೇ ಚೀಲಕ್ಕೆ ತುಂಬಿ ಒಂದರ ಮೇಲೊಂದು ಪೇರಿಸಿದೆವು. ಎಂಟು ದಿನ ಬಿಟ್ಟು ಬಾಗಿಲು ತೆಗೆದರೆ ಒಳಗೆ ನಿಲ್ಲಲಾಗದಷ್ಟು ವಾಸನೆ. ಚೀಲಕ್ಕೆ ಕೈ ಹಾಕಿದರೆ ಬಿಸಿ. ಬೀಜಕ್ಕೆಲ್ಲ ಬೂಷ್ಟು. ಗಾಣದವರು ಮುಟ್ಟಲಿಲ್ಲ. ಕೂಲಿ ಬಿಟ್ಟು ಮರದಡಿ ಆಯ್ದು ತಂದ ತಾಯಂದಿರಿಗೆ ದುಡ್ಡು ಕೊಡುವುದು ತಡವಾಯಿತು. ಅವರಲ್ಲಿ ಕೆಲವರು ಇವತ್ತು ಇಲ್ಲೇ ಕೂತಿದ್ದಾರೆ. ಆ ತಪ್ಪು ನಮ್ಮದು ಅಂತ ಅವರೆದುರಿಗೇ ಒಪ್ಪಿಕೊಳ್ಳುತ್ತೇವೆ. ಅವತ್ತು ಒಬ್ಬ ಅಜ್ಜಿ ಹೇಳಿದ್ದು ಒಂದೇ ಮಾತು: “ಹೊಂಗೆ ಕಾಯಿ ಕಣಪ್ಪಾ, ಬೇವು ಹಣ್ಣು. ಹಣ್ಣನ್ನ ಮೂಟೆ ಕಟ್ತಾರಾ?”

ಬೇವು, ಹೊಂಗೆಗಳ ವ್ಯತ್ಯಾಸವೆಲ್ಲ ಆ ಮಾತಿನಲ್ಲೇ ಇದೆ.

ಹೊಂಗೆ ನಮ್ಮ ತೊಗರಿ, ಅವರೆಗಳ ಬಳಗದ ಮರ. ಅದರ ಬೇರಿನಲ್ಲೂ ಗಂಟುಗಳಿದ್ದು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಕಾಯಿ ಮರದಲ್ಲೇ ಒಣಗುತ್ತದೆ. ಬೀಜವನ್ನು ಒಣಗಿಸಿ ತೇವ ತಗುಲದಂತೆ ಇಟ್ಟರೆ ತಿಂಗಳುಗಟ್ಟಲೆ ಮೊಳಕೆಯ ಶಕ್ತಿ ಉಳಿಯುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟು ಮಳೆ ಬಂದಾಗ ಬಿತ್ತಬಹುದು.

ಬೇವಿನದು ಬೇರೆ ಕುಲ. ಯುಗಾದಿಗೆ ಹೂ ಕೊಟ್ಟು ಜೂನ್–ಜುಲೈ ಹೊತ್ತಿಗೆ ಹಣ್ಣು ಉದುರಿಸುತ್ತದೆ. ಹಣ್ಣು ತಂದ ದಿನವೇ ನೀರಿನಲ್ಲಿ ಹಿಸುಕಿ, ಸಿಪ್ಪೆ ಲೋಳೆ ತೆಗೆದು, ಬೀಜ ತೊಳೆದು ನೆರಳಲ್ಲಿ ತೆಳ್ಳಗೆ ಹರಡಬೇಕು. ಗಾಣಕ್ಕಾದರೆ ಚೆನ್ನಾಗಿ ಒಣಗಿದ ಮೇಲೆ ಗಾಳಿಯಾಡುವ ಚೀಲದಲ್ಲಿಡಬಹುದು. ಸಸಿಗಾದರೆ ಎರಡು ಮೂರು ವಾರದೊಳಗೆ ಬಿತ್ತಿಬಿಡಬೇಕು. ಕಳೆದ ವರ್ಷದ ಬೇವಿನ ಬೀಜ ಹಾಕಿ ಈ ವರ್ಷ ಸಸಿ ಕಾಯುವುದು ವ್ಯರ್ಥ. ನಮ್ಮ ಪಾಲಿಥೀನ್ ಚೀಲಗಳೂ ಒಂದು ಸಲ ಬರಿದೇ ಉಳಿದವು, ಕಾರಣ ಇದೇ.

ಇನ್ನು ನೆಡುವ ಜಾಗ. ಬೇವು ಒಣಭೂಮಿಯ ಮರ. ಕಲ್ಲು, ಮರಳು, ಸುಣ್ಣದಂಶದ ನೆಲ ಎಲ್ಲಾದರೂ ನಿಲ್ಲುತ್ತದೆ. ಆದರೆ ಕಾಲಡಿ ನೀರು ನಿಂತರೆ ಬದುಕಲ್ಲ. ಹೊಂಗೆ ಕೆರೆ ಅಂಚು, ಕಾಲುವೆ ದಡ, ಹಳ್ಳದ ಬದಿ ಬೇಡ ಅನ್ನುವುದಿಲ್ಲ. ಸ್ವಲ್ಪ ಚೌಳು ನೆಲವನ್ನೂ ಸಹಿಸುತ್ತದೆ. ಬೇರೂರಿದ ಮೇಲೆ ಬರಗಾಲವನ್ನೂ ತಡೆಯುತ್ತದೆ. ಎಳೆ ಬೇವಿಗೆ ಆಡಿನ ಕಾಟ ಜಾಸ್ತಿ, ಮುಳ್ಳುಬೇಲಿ ಬೇಕೇ ಬೇಕು. ಹೊಂಗೆ ಎಲೆಯನ್ನು ದನಕರು ಅಷ್ಟಾಗಿ ಮುಟ್ಟುವುದಿಲ್ಲ. ಆದರೆ ಹೊಂಗೆಯ ಬೇರು, ನೆರಳು ಎರಡೂ ಅಗಲಕ್ಕೆ ಹರಡುತ್ತವೆ. ಹೊಲದ ನಡುವೆ ನೆಟ್ಟು ಆಮೇಲೆ ಬೆಳೆ ಏಳಲಿಲ್ಲ ಅಂತ ಮರ ಬೈಯುವುದು ಬೇಡ. ಬದುವಿನಲ್ಲಿ ನೆಡಿ, ವರ್ಷಕ್ಕೊಮ್ಮೆ ಸೊಪ್ಪು ಸವರಿ ಗದ್ದೆಗೆ ಹಾಕಿ.

ರೋಗದ ವಿಷಯ. ಹೊಂಗೆ ಎಲೆ ಮೇಲೆ ಗಂಟುಗಂಟಾಗುವುದನ್ನು ನೋಡಿ ಹೆದರಬೇಡಿ, ಅದರಿಂದ ಮರ ಸಾಯುವುದಿಲ್ಲ. ಬೇವಿನ ರೆಂಬೆ ತುದಿಯಿಂದ ಒಣಗುತ್ತಾ ಬಂದರೆ ಮಾತ್ರ ಉದಾಸೀನ ಸಲ್ಲದು. ಈ ರೋಗ ತರುವ ಒಂದು ಶಿಲೀಂಧ್ರವನ್ನು 1997ರಲ್ಲಿ ಗುರುತಿಸಿ ಹೆಸರಿಟ್ಟಿದ್ದಾರೆ. ಒಣಗಿದ ರೆಂಬೆಯನ್ನು ಹಸಿ ಭಾಗದವರೆಗೆ ಕಡಿದು ಸುಟ್ಟುಬಿಡಿ. ಅಂಥ ಮರದ ಬೀಜವನ್ನು ಸಸಿಗೆ ಬಳಸಬೇಡಿ.

ಉಪಯೋಗದಲ್ಲಿ ಎರಡೂ ಔಷಧಿ ಮರಗಳೇ, ಆದರೆ ಕೆಲಸ ಬೇರೆ. ಬೇವಿನ ಕಡ್ಡಿ ಹಲ್ಲಿಗೆ, ಒಣಗಿದ ಎಲೆ ಕಾಳಿನ ವಾಡೆಗೆ. ಬೆಳೆಗೆ ಕೀಟ ಬಿದ್ದರೆ 5 ಕೆ.ಜಿ. ಬೇವಿನ ಬೀಜದ ತಿರುಳನ್ನು ಪುಡಿ ಮಾಡಿ, ರಾತ್ರಿ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, 100 ಲೀಟರಿಗೆ ಸರಿದೂಗಿಸಿ, ಸ್ವಲ್ಪ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಬೇಕು. ಬಿಸಿಲಿಗೆ ಇದರ ಶಕ್ತಿ ಕುಂದುತ್ತದೆ. ಹುಳ ಪಟಪಟನೆ ಉದುರಲಿಲ್ಲ ಅಂತ ಬೇಸರ ಬೇಡ. ತಿನ್ನುವುದು ಬಿಡುತ್ತದೆ, ಪೊರೆ ಕಳಚಲಾರದೆ ಸಾಯುತ್ತದೆ. ಇದಕ್ಕೆ ಮುಖ್ಯ ಕಾರಣ ಅಜಾಡಿರಕ್ಟಿನ್ ಎಂಬ ಕಹಿ ಅಂಶ. 1968ರಲ್ಲಿ ಇದನ್ನು ಬೇರ್ಪಡಿಸಿದರು.

ಹೊಂಗೆ ಎಣ್ಣೆ ಹಿಂದೆ ದೀಪಕ್ಕೆ. ಕಜ್ಜಿ ತುರಿಕೆಗೆ ಮೇಲೆ ಹಚ್ಚಲು, ಎತ್ತಿನ ಗಾಯಕ್ಕೆ ಈಗಲೂ ಉಂಟು. ಸೊಪ್ಪು ಗದ್ದೆಗೆ ಹಸಿರೆಲೆ ಗೊಬ್ಬರ. ಹಿಂಡಿ ಎರಡರದ್ದೂ ಭೂಮಿಗೆ ಒಳ್ಳೆಯದು. ಆದರೆ ಹಿಂಡಿ ಅಂದ ಮಾತ್ರಕ್ಕೆ ಕಡಲೆಕಾಯಿ ಹಿಂಡಿಯ ಹಾಗೆ ದನದ ಮುಂದೆ ಇಡಬೇಡಿ.

ತಾಯಂದಿರಿಗೆ ಒಂದು ಮಾತು. ಇದನ್ನು ಕೈಮುಗಿದು ಹೇಳುತ್ತೇವೆ. ಹೊಟ್ಟೆಹುಳಕ್ಕೆ, ಕೆಮ್ಮಿಗೆ ಅಂತ ಎಳೆ ಮಕ್ಕಳಿಗೆ ಬೇವಿನ ಎಣ್ಣೆ ಕುಡಿಸಬೇಡಿ. ಹಾಗೆ ಕುಡಿಸಿದ ಕಡೆ ಮಕ್ಕಳಿಗೆ ವಾಂತಿ, ಫಿಟ್ಸ್ ಬಂದು ಪ್ರಾಣಕ್ಕೇ ಎರವಾದದ್ದನ್ನು ಮಲೇಷ್ಯಾದ ವೈದ್ಯರು 1980ರ ದಶಕದಲ್ಲೇ ಬರೆದಿಟ್ಟಿದ್ದಾರೆ. ಹೊಂಗೆ ಎಣ್ಣೆಯೂ ಕುಡಿಯುವ ವಸ್ತು ಅಲ್ಲ. ಮರದ್ದು ಅಂದ ಮೇಲೆ ಕೆಡುಕು ಮಾಡಲ್ಲ ಅನ್ನುವ ನಂಬಿಕೆ ಬೇಡ. ಯಾವುದು ಮೈಮೇಲೆ, ಯಾವುದು ಹೊಟ್ಟೆಗೆ ಅನ್ನುವ ವಿವೇಕವೇ ಔಷಧಿಯ ಅರ್ಧ.

ನಮ್ಮ ಹಿರಿಯರ ತಿಳಿವಳಿಕೆ ಸಣ್ಣದಲ್ಲ. ಬೇವಿನ ಎಣ್ಣೆಯಿಂದ ಬೆಳೆಯ ಬೂಷ್ಟುರೋಗ ತಡೆಯುವ ವಿಧಾನಕ್ಕೆ 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಅಮೆರಿಕದ ಒಂದು ಕಂಪನಿಗೂ ಅಲ್ಲಿನ ಕೃಷಿ ಇಲಾಖೆಗೂ ಪೇಟೆಂಟ್ ಕೊಟ್ಟಿತ್ತು. ಇದು ಭಾರತದಲ್ಲಿ ಮೊದಲಿಂದ ಇದ್ದದ್ದೇ ಅಂತ ತಕರಾರು ಹೂಡಿದ ಮೇಲೆ 2000ದಲ್ಲಿ ಅದು ರದ್ದಾಯಿತು. 2005ರಲ್ಲಿ ಅವರ ಮೇಲ್ಮನವಿಯೂ ಬಿದ್ದುಹೋಯಿತು. ಅಷ್ಟು ದೂರ ಹೋಗಿ ಗೆದ್ದ ತಿಳಿವಳಿಕೆಯನ್ನು ನಾವು ನಮ್ಮ ಗೋದಾಮಿನಲ್ಲೇ ಸೋತೆವು, ಅಜ್ಜಿಯನ್ನು ಮೊದಲೇ ಕೇಳದೆ!

ಇನ್ನೊಂದು ಲೆಕ್ಕ ನೋಡಿ. ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಲೇಪಿಸಬೇಕೆಂದು ಕೇಂದ್ರ ಸರ್ಕಾರ 2015ರಲ್ಲಿ ಕಡ್ಡಾಯ ಮಾಡಿತು. ನಮ್ಮ ಮರದಡಿ ಬೀಜ ಕೊಳೆಯುತ್ತದೆ, ಬೇವು ಲೇಪಿಸಿದ ಗೊಬ್ಬರದ ಚೀಲವನ್ನು ದುಡ್ಡು ಕೊಟ್ಟು ಹೊತ್ತು ತರುತ್ತೇವೆ. ಇದು ಸಹಕಾರ ಸಂಘ ಇರುವ ಊರಿಗೆ ಒಪ್ಪುವ ಮಾತೇ?

ಆದ್ದರಿಂದ ಸಭೆಯ ಮುಂದೆ ನಮ್ಮ ಕೋರಿಕೆ ಮೂರು. ಒಂದು, ಬೇವಿನ ಹಣ್ಣನ್ನು ಸಂಘ ಕೊಳ್ಳುವುದು ಬೇಡ, ತೊಳೆದು ಒಣಗಿಸಿದ ಬೀಜವನ್ನಷ್ಟೇ ಕೊಳ್ಳೋಣ. ತೊಳೆಯಲು ತೊಟ್ಟಿ, ಹರಡಲು ಚಪ್ಪರದ ನೆರಳು ಸಂಘದ್ದೇ ಇರಲಿ. ಎರಡು, ತೂಕ ಆದ ದಿನವೇ ಆಯ್ದವರ ಕೈಗೆ ದುಡ್ಡು ಸೇರಲಿ. ಮೂರು, ಪ್ರತಿಯೊಬ್ಬ ಸದಸ್ಯರೂ ಒಣಜಾಗದಲ್ಲಿ ಒಂದು ಬೇವು, ನೀರಿನ ಬದಿಯಲ್ಲಿ ಒಂದು ಹೊಂಗೆ ನೆಟ್ಟು ಎರಡು ಬೇಸಿಗೆ ಕಾಯಲಿ.

ಹೊಂಗೆಯ ನೆರಳು ತಾಯಿಯ ಮಡಿಲು ಅಂತಾರೆ. ಬೇವಿನ ಗಾಳಿ ಮನೆಗೆ ಒಳ್ಳೆಯದು ಅಂತಾರೆ. ಈ ಎರಡೂ ನಮ್ಮ ಮಕ್ಕಳಿಗೆ ಬರೀ ಗಾದೆಯಾಗಿ ಉಳಿಯದಿರಲಿ ಎಂದು ಹಾರೈಸುತ್ತೇವೆ.